ಮರಳಿನ ಕಡಲನ್ನು ದಾಟಿದವರು

ಬೇಸಿಗೆಯಲ್ಲಿ ನೀರಿಳಿದ ಹೊಳೆಯನ್ನು ಎತ್ತಿನ ಗಾಡಿಯಲ್ಲಿ ದಾಟಿದವರಿಗೆ ಮರಳಿನ ಸ್ವಭಾವ ತಿಳಿದಿರುತ್ತದೆ. ದಂಡೆಯ ಗಟ್ಟಿ ನೆಲದ ಮೇಲೆ ಹಗುರವಾಗಿ ಉರುಳುತ್ತಿದ್ದ ಗಾಡಿ ಮರಳಿಗಿಳಿದೊಡನೆ ಭಾರವಾಗುತ್ತದೆ. ಚಕ್ರದ ಅಂಚು ಮರಳನ್ನು ಸೀಳಿಕೊಂಡು ಕೆಳಗಿಳಿಯುತ್ತದೆ. ಎತ್ತುಗಳು ಕೊರಳು ಬಗ್ಗಿಸಿ ಎಳೆದರೂ ಗಾಡಿ ಕದಲುವುದಿಲ್ಲ. ಆಗ ಗಾಡಿಯವನು ಚಾಟಿಯನ್ನು ಬದಿಗಿಟ್ಟು ಕೆಳಗಿಳಿದು ಸಂಗಡಿಗರನ್ನು ಕೂಗುತ್ತಾನೆ. ನಾಲ್ಕು ಮಂದಿ ಚಕ್ರಕ್ಕೆ ಕೈಕೊಟ್ಟ ಮೇಲೆ ಗಾಡಿ ಆಚೆಯ ದಡವನ್ನು ಸೇರುತ್ತದೆ. ಹೊಳೆಯ ಅಗಲವಾದರೂ ಎಷ್ಟು? ಹೆಚ್ಚೆಂದರೆ ಕೆಲವು ನೂರು ಮಾರು. ದಡದಲ್ಲಿ ಮರದ ನೆರಳುಂಟು, ಹತ್ತಿರದಲ್ಲಿ ಊರುಂಟು, ಕೂಗಿದರೆ ಓಗೊಡುವ ಜನರುಂಟು. ಇವು ಯಾವುವೂ ಇಲ್ಲದ, ನೂರಾರು ಕಿಲೋಮೀಟರು ಹಬ್ಬಿದ ಮರಳಿನ ನಡುವೆ ಗಾಡಿ ಹೂತುಹೋದರೆ ಗತಿಯೇನು? ಈ ಪ್ರಶ್ನೆಯನ್ನು ಎದುರಿಟ್ಟುಕೊಂಡೇ ಸುಮಾರು ಒಂದು ಶತಮಾನದ ಹಿಂದೆ ಕೆಲವರು ಗೆಳೆಯರು ಮೋಟಾರು ಕಾರುಗಳಲ್ಲಿ ಜಗತ್ತಿನ ಅತ್ಯಂತ ನಿರ್ಜನವಾದ ಮರುಭೂಮಿಯನ್ನು ಪ್ರವೇಶಿಸಿದರು. ಅವರ ಸಾಹಸದ ಕಥೆ ಇದು.

ಆಫ್ರಿಕದ ಉತ್ತರಕ್ಕೆ ಹರಡಿರುವ ಸಹರಾ ಮರುಭೂಮಿಯ ಪೂರ್ವಭಾಗಕ್ಕೆ ಲಿಬಿಯಾದ ಮರುಭೂಮಿಯೆಂದು ಹೆಸರು. ಈಜಿಪ್ಟ್, ಲಿಬಿಯಾ ಮತ್ತು ಸೂಡಾನ್ ದೇಶಗಳಲ್ಲಿ ಹಬ್ಬಿರುವ ಈ ಭೂಭಾಗದ ವಿಸ್ತಾರವನ್ನು ನಮ್ಮ ಭಾರತದ ಪರ್ಯಾಯದ್ವೀಪದ ವಿಸ್ತಾರಕ್ಕೆ ಹೋಲಿಸುವುದುಂಟು. ಇದರ ಒಡಲಿನಲ್ಲಿ, ಈಜಿಪ್ಟಿನ ಸೀವಾ ಎಂಬ ಓಯಸಿಸ್ಸಿನಿಂದ ದಕ್ಷಿಣಕ್ಕೆ, 'ಮಹಾ ಮರಳುಗಡಲು' ಚಾಚಿಕೊಂಡಿದೆ. ಅದರ ವಿಸ್ತೀರ್ಣ ಸುಮಾರು 72,000 ಚದರ ಕಿಲೋಮೀಟರು. ಎಂದರೆ ಕರ್ನಾಟಕ ರಾಜ್ಯದ ಮೂರನೆಯ ಒಂದು ಭಾಗಕ್ಕಿಂತಲೂ ಮಿಗಿಲು. ಇಲ್ಲಿ ಮರಳಿನ ದಿಬ್ಬಗಳು ಉತ್ತರದಿಂದ ದಕ್ಷಿಣದ ಕಡೆಗೆ, ಒಂದರ ಪಕ್ಕದಲ್ಲಿ ಒಂದು, ಸಾಲುಸಾಲಾಗಿ ಮಲಗಿವೆ. ಕೆಲವು ಸಾಲುಗಳು ನೂರು ಮೀಟರಿನಷ್ಟು ಎತ್ತರವಾಗಿವೆ. ಹತ್ತಾರು ಕಿಲೋಮೀಟರು ಉದ್ದಕ್ಕೆ ತುಂಡಾಗದೆ ಸಾಗುವ ಸಾಲುಗಳೂ ಇವೆ. ದೂರದಿಂದ ನೋಡುವವನಿಗೆ, ದಡಕ್ಕೆ ಅಪ್ಪಳಿಸಲು ಬಂದ ಅಲೆಗಳು ಯಾವುದೋ ಮಂತ್ರಕ್ಕೆ ಕಟ್ಟುಬಿದ್ದು ಅಲ್ಲಿಯೇ ನಿಂತುಬಿಟ್ಟಂತೆ ತೋರುತ್ತವೆ.

ಈ ಮರಳುಗಡಲಿನ ಬಗೆಗೆ ಮನುಷ್ಯನ ಭಯ ಇಂದು ನಿನ್ನೆಯದಲ್ಲ. ಪರ್ಷಿಯದ ದೊರೆ ಕಾಂಬೈಸಿಸನು ಸೀವಾದ ಮೇಲೆ ಕಳುಹಿಸಿದ ಐವತ್ತು ಸಾವಿರ ಯೋಧರ ದಂಡು ಮರಳಿನ ಬಿರುಗಾಳಿಯಲ್ಲಿ ಹೂತು ಕಣ್ಮರೆಯಾಯಿತೆಂದು ಗ್ರೀಕ್ ಇತಿಹಾಸಕಾರ ಹೆರೊಡೋಟಸನು ಬರೆದಿದ್ದಾನೆ. ಅದು ನಿಜವೋ ಕಟ್ಟುಕಥೆಯೋ, ಅಂಥದೊಂದು ಕಥೆ ಹುಟ್ಟಿ ಎರಡೂವರೆ ಸಾವಿರ ವರ್ಷ ಬಾಳಿತೆಂಬುದೇ ಆ ನೆಲದ ಭೀಕರತೆಗೆ ಸಾಕ್ಷಿಯಾಗಿದೆ. 1874ರಲ್ಲಿ ಗೆರ್ಹಾರ್ಡ್ ರೋಲ್ಫ್ಸ್ ಎಂಬ ಜರ್ಮನ್ ಪ್ರವಾಸಿಯು ಒಂಟೆಗಳ ತಂಡದೊಡನೆ ದಾಖ್ಲಾ ಓಯಸಿಸ್ಸಿನಿಂದ ಪಶ್ಚಿಮಕ್ಕೆ ಹೊರಟನು. ಒಂದು ಸಾಲನ್ನು ಹತ್ತಿ ಇಳಿದರೆ ಎದುರಿಗೆ ಮತ್ತೊಂದು ಸಾಲು. ಅದನ್ನು ದಾಟಿದರೆ ಮಗುದೊಂದು. ಕೊನೆಗೆ ಅವನು ಪಶ್ಚಿಮದ ಆಸೆಯನ್ನು ಬಿಟ್ಟು, ದಿಬ್ಬಗಳ ನಡುವಣ ಓಣಿಗಳ ಗುಂಟ ಉತ್ತರಕ್ಕೆ ನಡೆದು ಸೀವಾವನ್ನು ಸೇರಿದನು. ದಾರಿಯಲ್ಲಿ ಅಪರೂಪಕ್ಕೆ ಸುರಿದ ಮಳೆ ಅವನ ತಂಡಕ್ಕೆ ನೆರವಾಯಿತು. ಆ ತಾಣವನ್ನು ಅವನು 'ಮಳೆಯ ಬಯಲು' ಎಂಬ ಅರ್ಥ ಬರುವ ಹೆಸರಿನಿಂದ ಕರೆದನು.

ಒಂಟೆಗಳಿಗೇ ಅಸಾಧ್ಯವಾದ ಈ ಹಾದಿಯಲ್ಲಿ ಮೋಟಾರು ಹೋಗಬಲ್ಲದೆಂದು ನಂಬಿದವರು ವಿರಳ. ಹಾಗೆ ನಂಬಿದವರಲ್ಲಿ ಮುಖ್ಯರಾದವರು ರಾಲ್ಫ್ ಬ್ಯಾಗ್ನಾಲ್ಡ್. 1896ರಲ್ಲಿ ಇಂಗ್ಲೆಂಡಿನಲ್ಲಿ ಜನಿಸಿದ ಇವರು ಸೈನ್ಯದಲ್ಲಿ ಇಂಜಿನಿಯರಾಗಿದ್ದರು. ಮೊದಲನೆಯ ಮಹಾಯುದ್ಧದ ಕಂದಕಗಳಲ್ಲಿ ಹೋರಾಡಿ ಬದುಕಿ ಬಂದವರು. 1926ರಲ್ಲಿ ಕೈರೋ ನಗರಕ್ಕೆ ವರ್ಗವಾಗಿ ಬಂದ ಅವರನ್ನು ನಗರದ ಅಂಚಿನಿಂದಲೇ ಆರಂಭವಾಗುವ ಮರುಭೂಮಿ ತನ್ನತ್ತ ಸೆಳೆಯಿತು. ಸಮಾನ ಮನಸ್ಸಿನ ಕೆಲವರು ಜೊತೆಗೂಡಿದರು. ಮುಂದೆ ಅವರನ್ನು ಭಾರತಕ್ಕೆ ವರ್ಗಮಾಡಿದಾಗಲೂ ಈ ಹಂಬಲ ತಗ್ಗಲಿಲ್ಲ. ವಾಯವ್ಯ ಗಡಿನಾಡಿನ ಕೆಲಸದಿಂದ ರಜೆ ಪಡೆದು, ಕಡಲು ದಾಟಿ, ಮತ್ತೆ ಈಜಿಪ್ಟಿಗೆ ಬರುತ್ತಿದ್ದರು. ಬೇರೆ ಬೇರೆ ಯಾತ್ರೆಗಳಲ್ಲಿ ಅವರ ಜೊತೆಗಿದ್ದ ಗೈ ಪ್ರೆಂಡರ್‌ಗಾಸ್ಟ್, ಬಿಲ್ ಕೆನೆಡಿ ಷಾ, ಡಗ್ಲಸ್ ನ್ಯೂಬೋಲ್ಡ್ ಮೊದಲಾದವರೂ ಉದ್ಯೋಗಸ್ಥರೇ. ರಜೆಯ ದಿನಗಳೇ ಇವರ ಕಾಲ, ತಮ್ಮ ತಮ್ಮ ಸಂಬಳದ ಹಣವೇ ಇವರ ಬಂಡವಾಳ.

ಇವರು ಆರಿಸಿಕೊಂಡ ವಾಹನವೂ ಅಷ್ಟೇ ಸಾಮಾನ್ಯವಾದುದು. ಮೊದಲು ಫೋರ್ಡ್ ಕಂಪನಿಯ 'ಟಿ' ಮಾದರಿಯ, ಅನಂತರ 'ಎ' ಮಾದರಿಯ ಕಾರುಗಳು. ಇಂದಿನ ವಾಹನಗಳಂತೆ ನಾಲ್ಕೂ ಚಕ್ರಗಳಿಗೆ ಇಂಜಿನ್ನಿನ ಬಲ ಒದಗುವ ಏರ್ಪಾಡು ಅವುಗಳಲ್ಲಿ ಇರಲಿಲ್ಲ. ಹಿಂದಿನ ಎರಡು ಚಕ್ರಗಳು ಮಾತ್ರ ತಳ್ಳುತ್ತಿದ್ದವು. ಗೆಳೆಯರು ಮೊದಲು ಮಾಡಿದ ಕೆಲಸವೆಂದರೆ ಕಾರಿಗೆ ಹೊಸದೇನನ್ನೋ ಸೇರಿಸುವುದಲ್ಲ, ಬೇಡವಾದುದನ್ನು ತೆಗೆದುಹಾಕುವುದು. ಅಂದಚಂದದ ಹೊರಕವಚವನ್ನು ಕಳಚಿ, ಅದರ ಜಾಗದಲ್ಲಿ ಸಾಮಾನು ಹೊರುವುದಕ್ಕೆ ಹಗುರವಾದ ಮರದ ಪೆಟ್ಟಿಗೆಯನ್ನು ಕೂರಿಸಿದರು. ಉಳಿಸಿದ ಒಂದೊಂದು ಸೇರು ತೂಕದ ಬದಲಿಗೆ ಅಷ್ಟು ನೀರನ್ನೋ ಪೆಟ್ರೋಲನ್ನೋ ಒಯ್ಯಬಹುದಾಗಿತ್ತು. ಮರುಭೂಮಿಯಲ್ಲಿ ಅವೆರಡರ ಅಳತೆಯೇ ಆಯುಸ್ಸಿನ ಅಳತೆ.

ನೀರಿನ ಸಮಸ್ಯೆ ಕುಡಿಯುವವರಿಗೆ ಮಾತ್ರವಲ್ಲ, ಇಂಜಿನ್ನಿಗೂ ಇತ್ತು. ಮರಳನ್ನು ಏರುವಾಗ ಇಂಜಿನ್ನು ಕಾಯುತ್ತದೆ; ಅದನ್ನು ತಣಿಸುವ ರೇಡಿಯೇಟರಿನ ನೀರು ಕುದಿದು ಆವಿಯಾಗಿ ಹಾರಿಹೋಗುತ್ತದೆ. ಹೀಗೆ ಹಾರಿಹೋದ ನೀರನ್ನು ಮತ್ತೆ ತುಂಬಬೇಕಾದರೆ ಕುಡಿಯುವ ನೀರಿಗೇ ಕೈಹಾಕಬೇಕು. ಇದಕ್ಕೆ ಬ್ಯಾಗ್ನಾಲ್ಡರು ಕಂಡುಕೊಂಡ ಪರಿಹಾರ ಸರಳವಾದುದು. ಕಾರಿನ ಪಕ್ಕದಲ್ಲಿ ಅರ್ಧ ನೀರು ತುಂಬಿದ ಒಂದು ಡಬ್ಬಿಯನ್ನು ಬಿಗಿದು, ರೇಡಿಯೇಟರಿನಿಂದ ಹೊರಡುವ ಆವಿಯನ್ನು ರಬ್ಬರು ಕೊಳವೆಯ ಮೂಲಕ ಆ ಡಬ್ಬಿಯ ತಳಕ್ಕೆ ಹಾಯಿಸಿದರು. ಆವಿಯು ತಣ್ಣೀರನ್ನು ಸೇರಿ ತಾನೂ ನೀರಾಯಿತು. ಡಬ್ಬಿಯ ನೀರೂ ಕುದಿಯತೊಡಗಿದಾಗ ಕಾರನ್ನು ಗಾಳಿಗೆ ಎದುರಾಗಿ ನಿಲ್ಲಿಸುತ್ತಿದ್ದರು. ರೇಡಿಯೇಟರು ತಣಿಯುತ್ತಿದ್ದಂತೆ ಒಳಗಿನ ಒತ್ತಡ ಕುಗ್ಗಿ, ಹೊರಹೋಗಿದ್ದ ನೀರನ್ನು ಅದು ಅದೇ ಕೊಳವೆಯಿಂದ ಹಿಂದಕ್ಕೆ ಹೀರಿಕೊಳ್ಳುತ್ತಿತ್ತು. ಹೀಗೆ ಒಂದು ಡಬ್ಬಿ ಮತ್ತು ಒಂದು ಕೊಳವೆಯಿಂದ ಎಷ್ಟೋ ಮಂದಿಯ ಬಾಯಾರಿಕೆಯ ನೀರು ಉಳಿಯಿತು.

ದಿಕ್ಕನ್ನು ತಿಳಿಯುವುದು ಇನ್ನೊಂದು ಸಮಸ್ಯೆಯಾಗಿತ್ತು. ಕಾರಿನ ಉಕ್ಕು ದಿಕ್ಸೂಚಿಯ ಕಾಂತಸೂಜಿಯನ್ನು ದಾರಿ ತಪ್ಪಿಸುತ್ತದೆ. ಸರಿಯಾದ ದಿಕ್ಕನ್ನು ಅರಿಯಲು ಪ್ರತಿಸಲವೂ ಕಾರನ್ನು ನಿಲ್ಲಿಸಿ, ಇಳಿದು, ದೂರ ನಡೆದು ನೋಡಬೇಕು. ಇದನ್ನು ತಪ್ಪಿಸಲು ಅವರು ಸೂರ್ಯನ ನೆರಳನ್ನೇ ನೆಚ್ಚಿದರು. ಅಂಶಗಳನ್ನು ಗುರುತುಮಾಡಿದ ಒಂದು ದುಂಡು ಫಲಕ. ಅದರ ನಡುವೆ ನೆಟ್ಟಗೆ ನಿಂತ ಒಂದು ಸೂಜಿ. ಹೊತ್ತಿಗೆ ಅನುಗುಣವಾಗಿ ಫಲಕವನ್ನು ಹೊಂದಿಸಿಕೊಂಡು, ಸೂಜಿಯ ನೆರಳು ಗೊತ್ತಾದ ಅಂಶದ ಮೇಲೆ ಬೀಳುವಂತೆ ಕಾರನ್ನು ನಡೆಸಿದರೆ ಹಾದಿ ತಪ್ಪುವಂತಿಲ್ಲ. ರಾತ್ರಿ ಬಿಡಾರ ಹೂಡಿದ ಮೇಲೆ ನಕ್ಷತ್ರಗಳನ್ನು ಅಳೆದು, ರೇಡಿಯೋದಲ್ಲಿ ಬರುವ ಸಮಯದ ಸಂಕೇತವನ್ನು ಕೇಳಿ, ತಾವಿರುವ ತಾಣವನ್ನು ಲೆಕ್ಕಹಾಕುತ್ತಿದ್ದರು. ಉಪಗ್ರಹಗಳ ನೆರವಿಲ್ಲದ ಆ ಕಾಲದಲ್ಲಿ ಹಗಲಿನ ಸೂರ್ಯನೂ ಇರುಳಿನ ನಕ್ಷತ್ರಗಳೂ ಅವರಿಗೆ ದಾರಿ ತೋರಿದವು.

1929ರಲ್ಲಿ ಈ ತಂಡ ಐನ್ ದಲ್ಲಾ ಎಂಬ ಚಿಲುಮೆಯನ್ನು ಬಿಟ್ಟು ಪಶ್ಚಿಮಕ್ಕೆ ತಿರುಗಿತು. ಆ ದಿಕ್ಕಿನಲ್ಲಿ ಅದೇ ಕೊನೆಯ ನೀರು. ಮುಂದೆ ಮರಳುಗಡಲಿನ ಮೊದಲ ಅಲೆ ಗೋಡೆಯಂತೆ ಎದ್ದು ನಿಂತಿತ್ತು. ನಿಧಾನವಾಗಿ ಹತ್ತಲು ಹೋದರೆ ಚಕ್ರಗಳು ಹೂಳುವುದು ಖಂಡಿತ. ಆದ್ದರಿಂದ ಬ್ಯಾಗ್ನಾಲ್ಡರು ಕಾರಿನ ವೇಗವನ್ನು ಹೆಚ್ಚಿಸಿ ನೇರವಾಗಿ ಆ ಗೋಡೆಯತ್ತಲೇ ನುಗ್ಗಿಸಿದರು. ನೋಡುತ್ತಿದ್ದವರು ಉಸಿರು ಬಿಗಿಹಿಡಿದರು. ಕಾರಿನ ಮೂತಿ ಮರಳಿಗೆ ಬಡಿದು ಮುರಿಯಬಹುದೆಂಬ ಭಯ ಎಲ್ಲರಿಗೂ ಇತ್ತು. ಆದರೆ ಹಾಗಾಗಲಿಲ್ಲ. ಕಾರು ಹಿಂದಕ್ಕೆ ವಾಲಿತು. ಅಲುಗಾಟವಿಲ್ಲದೆ, ಕುಲುಕಾಟವಿಲ್ಲದೆ, ಯಾರೋ ಕೆಳಗಿನಿಂದ ಮೆಲ್ಲನೆ ಎತ್ತಿ ಹಿಡಿದಂತೆ ಮೇಲಕ್ಕೆ ಏರಿತು. ಕೆಲವು ಕ್ಷಣಗಳಲ್ಲಿ ಅದು ದಿಬ್ಬದ ನೆತ್ತಿಯ ಮೇಲಿತ್ತು. ಪರಿಹಾಸ್ಯಕ್ಕೆ ಗುರಿಯಾಗಿದ್ದ ನಂಬಿಕೆಯೊಂದು ಅಂದು ನಿಜವಾಯಿತು. ಮರುವರ್ಷ, ಎಂದರೆ 1930ರಲ್ಲಿ, ಇದೇ ಮರಳನ್ನು ಹಾಯ್ದು ಮೂರು ದೇಶಗಳ ಗಡಿಗಳು ಕೂಡುವ ಉವೈನಾತ್ ಪರ್ವತದವರೆಗೆ ಹೋದರು. 1932ರಲ್ಲಿ ನಾಲ್ಕು ಕಾರುಗಳಲ್ಲಿ ಎಂಟು ಮಂದಿ ಕೈಗೊಂಡ ಯಾತ್ರೆ ಇನ್ನೂ ದೀರ್ಘವಾದುದು.

ಅಷ್ಟು ಭಾರದ ಕಾರನ್ನು ಸಡಿಲವಾದ ಮರಳು ಹೊತ್ತದ್ದು ಹೇಗೆ? ಇದರಲ್ಲಿ ಪವಾಡವೇನೂ ಇಲ್ಲ. ಟೈರಿನೊಳಗಿನ ಗಾಳಿಯನ್ನು ಕಡಿಮೆ ಮಾಡಿದರೆ ಟೈರು ಚಪ್ಪಟೆಯಾಗಿ ನೆಲದ ಮೇಲೆ ಹೆಚ್ಚು ಅಗಲಕ್ಕೂ ಉದ್ದಕ್ಕೂ ಹರಡುತ್ತದೆ. ಕಾರಿನ ಭಾರ ಅಷ್ಟೇ ಇದ್ದರೂ ಅದು ಹೆಚ್ಚಿನ ಜಾಗಕ್ಕೆ ಹಂಚಿಹೋಗುವುದರಿಂದ ಮರಳು ಅದನ್ನು ತಾಳಿಕೊಳ್ಳುತ್ತದೆ. ಒಂಟೆಯ ಅಗಲವಾದ, ಮೆತ್ತನೆಯ ಪಾದಕ್ಕೆ ಪ್ರಕೃತಿಯು ಕಲಿಸಿದ ಪಾಠವೂ ಇದೇ. ಎರಡನೆಯದಾಗಿ, ಎಲ್ಲ ಮರಳೂ ಒಂದೇ ಬಗೆಯದಲ್ಲ. ಗಾಳಿ ಬೀಸಿ ಬರುವ ಮಗ್ಗುಲಲ್ಲಿ ದಿಬ್ಬದ ಏರು ಇಳಿಜಾರಾಗಿರುತ್ತದೆ. ಗಾಳಿಯಲ್ಲಿ ಪುಟಿಯುತ್ತ ಬರುವ ಕಣಗಳು ಅಲ್ಲಿ ಒಂದರ ಸಂದಿಯಲ್ಲಿ ಇನ್ನೊಂದು ಕುಳಿತು ಬಿಗಿಯಾಗಿ ಹೆಣೆದುಕೊಂಡಿರುತ್ತವೆ. ನೆತ್ತಿಯನ್ನು ದಾಟಿದ ಕಣಗಳಾದರೋ ಆಚೆಯ ಮಗ್ಗುಲಿಗೆ ಜಾರಿ ರಾಶಿಯಾಗಿ ಬೀಳುತ್ತವೆ. ಆ ಮಗ್ಗುಲು ಸುಮಾರು 33 ಅಂಶಗಳಷ್ಟು ಕಡಿದಾಗಿರುತ್ತದೆ. ಕಾಲಿಟ್ಟರೆ ಮೊಣಕಾಲು ಮುಳುಗುವಷ್ಟು ಸಡಿಲವಾಗಿರುತ್ತದೆ. ಬಿಗಿ ಮರಳು ಯಾವುದು, ಸಡಿಲ ಮರಳು ಯಾವುದು ಎಂಬುದನ್ನು ದಿಬ್ಬದ ಆಕಾರದಿಂದಲೂ ನೆರಳುಬೆಳಕಿನಿಂದಲೂ ಗುರುತಿಸಬಲ್ಲವನೇ ಅಲ್ಲಿ ಚಾಲಕ.

ಅಪಾಯವಿರುವುದು ಏರಿನಲ್ಲಿ ಮಾತ್ರವಲ್ಲ, ನೆತ್ತಿಯಲ್ಲಿಯೂ. ಏರಲು ವೇಗ ಬೇಕು. ಆದರೆ ನೆತ್ತಿಯ ಆಚೆಗೆ ಏನಿದೆಯೆಂಬುದು ಏರುವವನ ಕಣ್ಣಿಗೆ ಕಾಣುವುದಿಲ್ಲ. ವೇಗ ಹೆಚ್ಚಾದರೆ ವಾಹನವು ನೆತ್ತಿಯನ್ನು ಹಾರಿ ಆಚೆಯ ಪ್ರಪಾತಕ್ಕೆ ಬೀಳುತ್ತದೆ. ಕಡಿಮೆಯಾದರೆ ನೆತ್ತಿಯ ಮೇಲೆ ಹೊಟ್ಟೆ ಊರಿ, ಚಕ್ರಗಳು ಎರಡೂ ಕಡೆಗೆ ಜೋಲಾಡಿ, ಅಲ್ಲಿಯೇ ನಿಂತುಬಿಡುತ್ತದೆ. ಇಳಿಯುವಾಗ ನೇರವಾಗಿ ಇಳಿಯಬೇಕು. ಓರೆಯಾಗಿ ಇಳಿದರೆ ಉರುಳುವುದು ಸುಲಭ. ನಡುಹಗಲಿನಲ್ಲಿ ಸೂರ್ಯನು ತಲೆಯ ಮೇಲಿರುವಾಗ ನೆರಳೇ ಇರುವುದಿಲ್ಲ. ಆಗ ತಗ್ಗು ಯಾವುದು, ದಿಬ್ಬ ಯಾವುದು ಎಂಬುದು ಹತ್ತು ಮಾರು ದೂರದಿಂದಲೂ ತಿಳಿಯದು. ಆದ್ದರಿಂದ ಧೈರ್ಯವೊಂದಿದ್ದರೆ ಸಾಲದು. ಯಾವಾಗ ನಿಲ್ಲಬೇಕು ಎಂಬ ವಿವೇಕವೂ ಬೇಕು.

ಇಷ್ಟೆಲ್ಲ ಎಚ್ಚರ ವಹಿಸಿದರೂ ಕಾರುಗಳು ಹೂಳುತ್ತಲೇ ಇದ್ದವು. ಆಗ ಚಾಲಕನು ಆತುರದಿಂದ ಇಂಜಿನ್ನನ್ನು ಇನ್ನಷ್ಟು ಓಡಿಸಿದರೆ ಚಕ್ರಗಳು ತಾವೇ ತಮ್ಮ ಗುಂಡಿಯನ್ನು ತೋಡಿಕೊಳ್ಳುತ್ತವೆ. ಮೊದಲ ಪಾಠವೆಂದರೆ ಸುಮ್ಮನಿರುವುದು. ಎಲ್ಲರೂ ಇಳಿಯುತ್ತಿದ್ದರು. ಕೈಯಿಂದಲೂ ಸಲಿಕೆಯಿಂದಲೂ ಚಕ್ರದ ಮುಂದಿನ ಮರಳನ್ನು ತೆಗೆಯುತ್ತಿದ್ದರು. ಅನಂತರ ಸುಮಾರು ಒಂದೂವರೆ ಮೀಟರು ಉದ್ದದ ಉಕ್ಕಿನ ಹಲಗೆಗಳನ್ನು ಹಿಂದಿನ ಚಕ್ರಗಳ ಅಡಿಗೆ ಹಾಸುತ್ತಿದ್ದರು. ಯುದ್ಧಕಾಲದಲ್ಲಿ ಕಂದಕಗಳಿಗೆ ಮುಚ್ಚಿಗೆಯಾಗಿ ಬಳಸಲೆಂದು ಮಾಡಿದ್ದ ಈ ಹಲಗೆಗಳು ಬ್ಯಾಗ್ನಾಲ್ಡರಿಗೆ ಕೈರೋದ ಗುಜರಿ ಅಂಗಡಿಯೊಂದರಲ್ಲಿ ದೊರೆತಿದ್ದವು. ಚಾಲಕನು ಮೆಲ್ಲನೆ ಕಾರನ್ನು ಚಾಲೂ ಮಾಡುವನು; ಉಳಿದವರು ಹೆಗಲುಕೊಟ್ಟು ತಳ್ಳುವರು; ಕಾರು ಹಲಗೆಯ ಮೇಲೆ ಹತ್ತಿ, ಗಟ್ಟಿ ನೆಲ ಸಿಗುವವರೆಗೆ ನಿಲ್ಲದೆ ಓಡುವುದು. ತಳ್ಳಿದವರು ಹಲಗೆಗಳನ್ನು ಹೊತ್ತು, ಸುಡುವ ಮರಳಿನಲ್ಲಿ ಅದರ ಹಿಂದೆ ನಡೆಯುವರು. ಒಂದೇ ದಿನದಲ್ಲಿ ಇದು ಹಲವು ಸಲ ನಡೆಯಬಹುದು. ಕಾರು ಯಾರದೆಂಬ ಪ್ರಶ್ನೆ ಅಲ್ಲಿ ಏಳುತ್ತಿರಲಿಲ್ಲ. ಒಂದು ಕಾರು ಹೂತರೆ ಎಲ್ಲ ಕಾರುಗಳೂ ಹೂತಂತೆಯೇ.

ಮರುಭೂಮಿಯಲ್ಲಿ ಒಬ್ಬಂಟಿಯಾಗಿ ಉಳಿಯುವುದೆಂದರೆ ಏನೆಂಬುದನ್ನು ಅದೇ ಕಾಲದ ಇನ್ನೊಂದು ಘಟನೆ ತೋರಿಸುತ್ತದೆ. 1931ರ ಜನವರಿಯಲ್ಲಿ ಇಟಲಿಯ ಸೈನ್ಯವು ಲಿಬಿಯಾದ ಕುಫ್ರಾ ಓಯಸಿಸ್ಸನ್ನು ವಶಪಡಿಸಿಕೊಂಡಿತು. ಅಲ್ಲಿನ ಅನೇಕ ಕುಟುಂಬಗಳು, ಹೆಂಗಸರು ಮಕ್ಕಳೆನ್ನದೆ, ಇದ್ದಬದ್ದ ನೀರನ್ನು ಕಟ್ಟಿಕೊಂಡು ನೀರಿಲ್ಲದ ಮರುಭೂಮಿಗೆ ಓಡಿಹೋದವು. ಉವೈನಾತ್ ಪರ್ವತದ ಚಿಲುಮೆಗಳನ್ನು ತಲುಪಿದವರಲ್ಲಿ ಕೆಲವರು ಅಲ್ಲಿಂದಲೂ ಮುಂದೆ ನೂರಾರು ಕಿಲೋಮೀಟರು ದೂರದ ದಾಖ್ಲಾದತ್ತ ನಡೆದರು. ಎಷ್ಟೋ ಮಂದಿ ದಾರಿಯಲ್ಲಿಯೇ ಅಳಿದರು. ಆ ಪ್ರದೇಶದಲ್ಲಿ ಈಜಿಪ್ಟ್ ಸರ್ಕಾರದ ಪರವಾಗಿ ಭೂಮಾಪನ ನಡೆಸುತ್ತಿದ್ದ ಪ್ಯಾಟ್ರಿಕ್ ಕ್ಲೇಟನ್ ಎಂಬವರಿಗೆ ಈ ನಿರಾಶ್ರಿತರು ಎದುರಾದರು. ಅವರು ತಮ್ಮ ಅಳತೆಯ ಕೆಲಸವನ್ನು ಬದಿಗಿಟ್ಟರು. ತಮ್ಮ ಕಾರುಗಳನ್ನು ನಿರಾಶ್ರಿತರ ರಕ್ಷಣೆಗೆ ತಿರುಗಿಸಿದರು. ಅದರಿಂದ ಅನೇಕರ ಪ್ರಾಣ ಉಳಿಯಿತು. ಮರಳಿನಲ್ಲಿ ಕಾರು ನಡೆಸುವ ವಿದ್ಯೆ ಎಷ್ಟು ಘನವಾದ ಕಾರ್ಯಕ್ಕೆ ಸಲ್ಲಬಹುದೆಂಬುದಕ್ಕೆ ಇದಕ್ಕಿಂತ ಬೇರೆ ನಿದರ್ಶನ ಬೇಕಿಲ್ಲ.

ಆದರೆ ವಿದ್ಯೆಗೆ ತನ್ನದೇ ಆದ ಹೃದಯವಿಲ್ಲ. ಬಳಸುವವರ ಹೃದಯವೇ ಅದರ ಹೃದಯ. 1940ರಲ್ಲಿ ಎರಡನೆಯ ಮಹಾಯುದ್ಧವು ಉತ್ತರ ಆಫ್ರಿಕಕ್ಕೆ ಹಬ್ಬಿದಾಗ ಬ್ಯಾಗ್ನಾಲ್ಡರು ಮರುಭೂಮಿಯಲ್ಲಿ ದೂರ ಸಂಚರಿಸಿ ಶತ್ರುವಿನ ಚಲನವಲನವನ್ನು ಅರಿಯುವ ಸೇನಾದಳವೊಂದನ್ನು ಕಟ್ಟಿದರು. ಅದಕ್ಕೆ ಅನುಮತಿ ಕೊಟ್ಟ ಸೇನಾಪತಿ ವೇವೆಲ್ ಅವರೇ ಮುಂದೆ ಭಾರತದ ವೈಸ್‌ರಾಯ್ ಆಗಿ ಬಂದರು. ಹಳೆಯ ಗೆಳೆಯರಾದ ಷಾ, ಪ್ರೆಂಡರ್‌ಗಾಸ್ಟ್, ಕ್ಲೇಟನ್ ಮತ್ತೆ ಒಂದಾದರು. ಡಬ್ಬಿ, ಕೊಳವೆ, ನೆರಳಿನ ದಿಕ್ಸೂಚಿ, ಉಕ್ಕಿನ ಹಲಗೆ ಎಲ್ಲವೂ ಯುದ್ಧಸಾಮಗ್ರಿಗಳಾದವು. ಇತ್ತ 1932ರಲ್ಲಿ ಕ್ಲೇಟನ್ನರೊಡನೆ ಒಂದೇ ತಂಡದಲ್ಲಿ ಮರುಭೂಮಿಯನ್ನು ಅನ್ವೇಷಿಸಿದ್ದ ಹಂಗೇರಿಯ ಲಾಸ್ಲೊ ಆಲ್ಮಾಶಿಯು ಜರ್ಮನಿಯ ಪಕ್ಷವನ್ನು ಸೇರಿ, 1942ರಲ್ಲಿ ಅದೇ ಮರಳನ್ನು ಹಾಯ್ದು ಗೂಢಚಾರರನ್ನು ಈಜಿಪ್ಟಿಗೆ ತಲುಪಿಸಿದನು. ಒಂದೇ ಬಿಡಾರದ ಬೆಂಕಿಯ ಸುತ್ತ ಕುಳಿತವರು ಹತ್ತು ವರ್ಷಗಳಲ್ಲಿ ಶತ್ರುಗಳಾದರು. ಇದು ಮರುಭೂಮಿಯ ದೋಷವಲ್ಲ.

ಬ್ಯಾಗ್ನಾಲ್ಡರ ಪಾಲಿಗೆ ಮರುಭೂಮಿ ಕೇವಲ ದಾಟಬೇಕಾದ ದಾರಿಯಾಗಿರಲಿಲ್ಲ. ಜೀವದ ಸುಳಿವಿಲ್ಲದ ಕಡೆಯಲ್ಲಿ ಮರಳಿನ ಕಣಗಳು ಇಷ್ಟು ಶಿಸ್ತಿನಿಂದ ಸಾಲುಗಟ್ಟುವುದು ಏಕೆ ಎಂಬ ಪ್ರಶ್ನೆ ಅವರನ್ನು ಬಿಡಲಿಲ್ಲ. 1935ರಲ್ಲಿ ಸೈನ್ಯದಿಂದ ನಿವೃತ್ತರಾದ ಮೇಲೆ ಅವರು ಲಂಡನ್ನಿನ ಇಂಪೀರಿಯಲ್ ಕಾಲೇಜಿನಲ್ಲಿ ಗಾಳಿಯ ಸುರಂಗವೊಂದನ್ನು ಕಟ್ಟಿ, ಅದರಲ್ಲಿ ಮರಳನ್ನು ಹಾರಿಸಿ ಅಳತೆಗಳನ್ನು ತೆಗೆದರು. ಗಾಳಿಯು ಮರಳನ್ನು ಧೂಳಿನಂತೆ ಎತ್ತಿ ಒಯ್ಯುವುದಿಲ್ಲ. ಕಣಗಳು ನೆಲವನ್ನು ತಟ್ಟಿ, ಪುಟಿದು, ಮತ್ತೆ ತಟ್ಟಿ, ಬೇರೆ ಕಣಗಳನ್ನೂ ಪುಟಿಸುತ್ತ ಮುಂದೆ ಸಾಗುತ್ತವೆ ಎಂಬುದನ್ನು ವಿವರಿಸಿದರು. 1941ರಲ್ಲಿ ಪ್ರಕಟವಾದ ಅವರ ಗ್ರಂಥ ಈ ವಿಷಯದಲ್ಲಿ ಇಂದಿಗೂ ಆಧಾರಗ್ರಂಥವಾಗಿದೆ. 1944ರಲ್ಲಿ ಅವರು ರಾಯಲ್ ಸೊಸೈಟಿಯ ಸದಸ್ಯರಾಗಿ ಆಯ್ಕೆಯಾದರು. ರಜೆಯ ವಿನೋದವೆಂದು ಆರಂಭವಾದದ್ದು ಹೀಗೆ ವಿಜ್ಞಾನದ ಒಂದು ಶಾಖೆಯಾಗಿ ಬೆಳೆಯಿತು. ಬ್ಯಾಗ್ನಾಲ್ಡರು 1990ರಲ್ಲಿ, ತಮ್ಮ 94ನೆಯ ವಯಸ್ಸಿನಲ್ಲಿ ನಿಧನರಾದರು.

ಇಂದು ಅರೇಬಿಯದ ಮರಳುಗಾಡುಗಳಲ್ಲಿ, ಮುಖ್ಯವಾಗಿ ಸಂಯುಕ್ತ ಅರಬ್ ಸಂಸ್ಥಾನ, ಓಮಾನ್ ಮೊದಲಾದ ದೇಶಗಳಲ್ಲಿ, ವಾರದ ಬಿಡುವಿನ ದಿನ ಸಾಲುಸಾಲಾಗಿ ವಾಹನಗಳು ದಿಬ್ಬಗಳನ್ನು ಏರುವುದನ್ನು ಕಾಣಬಹುದು. ಉದ್ಯೋಗಕ್ಕಾಗಿ ಅಲ್ಲಿ ನೆಲಸಿರುವ ಭಾರತೀಯರೂ ಈ ಕೂಟಗಳಲ್ಲಿ ಇರುತ್ತಾರೆ. ವಾಹನಗಳ ನಾಲ್ಕೂ ಚಕ್ರಗಳಿಗೆ ಈಗ ಬಲವುಂಟು. ದಾರಿ ತೋರಲು ಉಪಗ್ರಹಗಳುಂಟು. ಆದರೂ ಮರಳಿಗಿಳಿಯುವ ಮೊದಲು ಎಲ್ಲರೂ ಇಳಿದು ಟೈರುಗಳ ಗಾಳಿಯನ್ನು ಬಿಡುತ್ತಾರೆ. ದಾರಿಬಲ್ಲ ಒಬ್ಬನು ಮುಂದೆ ಹೋಗುತ್ತಾನೆ. ಅನುಭವಿಯಾದ ಇನ್ನೊಬ್ಬನು ಎಲ್ಲರಿಗಿಂತ ಹಿಂದೆ ಉಳಿಯುತ್ತಾನೆ. ಹೊಸಬರು ನಡುವೆ ಇರುತ್ತಾರೆ. ಒಂದು ವಾಹನವು ನೆತ್ತಿಯನ್ನು ದಾಟಿ ಸುರಕ್ಷಿತವಾಗಿದೆಯೆಂದು ತಿಳಿಯುವವರೆಗೆ ಇನ್ನೊಂದು ಏರುವುದಿಲ್ಲ. ಪ್ರತಿಯೊಬ್ಬನೂ ತನ್ನ ಹಿಂದಿನವನು ಬರುತ್ತಿರುವನೇ ಎಂದು ನೋಡಿಕೊಳ್ಳಬೇಕು. ಹಿಂದಿನವನು ಕಾಣದಿದ್ದರೆ ತಾನು ನಿಲ್ಲಬೇಕು. ಅವನು ನಿಂತರೆ ಅವನ ಮುಂದಿನವನೂ ನಿಲ್ಲುವನು. ಹೀಗೆ ಕಟ್ಟಕಡೆಯವನ ಕಷ್ಟ ಮೊದಲಿಗನ ಕಾಲನ್ನು ತಡೆದು ನಿಲ್ಲಿಸುತ್ತದೆ. ಈ ಕಟ್ಟಳೆಯನ್ನು ಮುರಿದು ಒಂಟಿಯಾಗಿ ಹೋದವರು, ನೀರು ಸಾಲದೆ ಪ್ರಾಣ ಕಳೆದುಕೊಂಡ ಪ್ರಸಂಗಗಳು ಜಗತ್ತಿನ ಮರುಭೂಮಿಗಳಲ್ಲಿ ಇಂದಿಗೂ ನಡೆಯುತ್ತವೆ.

ಮರುಭೂಮಿಗೆ ಹೋಗುವವನು ತನ್ನ ಜೊತೆಗಾರರ ವಿಷಯದಲ್ಲಿ ಮಾತ್ರವಲ್ಲ, ಆ ನೆಲದ ವಿಷಯದಲ್ಲಿಯೂ ಹೊಣೆಗಾರನು. ದಿಬ್ಬದ ಮೇಲಿನ ಚಕ್ರದ ಗುರುತನ್ನು ಒಂದು ಗಾಳಿ ಅಳಿಸಿಬಿಡುತ್ತದೆ. ಆದರೆ ದಿಬ್ಬಗಳ ನಡುವಣ ಗರಸು ಬಯಲಿನಲ್ಲಿ ಮೂಡಿದ ಗುರುತು ಹಾಗಲ್ಲ. ಎರಡನೆಯ ಮಹಾಯುದ್ಧದ ವಾಹನಗಳ ಜಾಡುಗಳು ಲಿಬಿಯಾದ ಮರುಭೂಮಿಯ ಕೆಲವು ಕಡೆ ದಶಕಗಳು ಕಳೆದರೂ ಅಳಿದಿಲ್ಲ. ಬರಿದೆಂದು ಕಾಣುವ ಆ ನೆಲದಲ್ಲಿ ಕುರುಚಲು ಗಿಡ, ಹಲ್ಲಿ, ಇಲಿ, ಕೀಟಗಳು ಇರುಳಿನ ತಂಪನ್ನು ನೆಚ್ಚಿ ಬಾಳುತ್ತವೆ. ಅವುಗಳ ಮನೆಯೊಳಗೆ ನಾವು ಅತಿಥಿಗಳು ಮಾತ್ರ.

ಕೊನೆಯದಾಗಿ, ಭೂಮಿಯಿಂದ ಬಹುದೂರದ ಒಂದು ಮರಳುಗಾಡಿನ ಮಾತು. ಮಂಗಳಗ್ರಹದಲ್ಲಿಯೂ ಮರಳಿನ ದಿಬ್ಬಗಳಿವೆ. ಅಮೆರಿಕದ ಬಾಹ್ಯಾಕಾಶ ಸಂಸ್ಥೆಯಾದ ನಾಸಾ ಕಳುಹಿಸಿದ 'ಕ್ಯೂರಿಯಾಸಿಟಿ' ಎಂಬ ಯಂತ್ರವಾಹನವು 2015ರಲ್ಲಿ ಅಲ್ಲಿನ ದಿಬ್ಬಗಳ ಸಾಲೊಂದನ್ನು ತಲುಪಿ ಪರೀಕ್ಷಿಸಿತು. ಆ ಸಾಲಿಗೆ ವಿಜ್ಞಾನಿಗಳು ಇಟ್ಟಿರುವ ಹೆಸರು 'ಬ್ಯಾಗ್ನಾಲ್ಡ್ ದಿಬ್ಬಗಳು'. ಅದಕ್ಕೂ ಮೊದಲು, 2009ರಲ್ಲಿ, 'ಸ್ಪಿರಿಟ್' ಎಂಬ ಇನ್ನೊಂದು ವಾಹನ ಮಂಗಳನ ಸಡಿಲ ಮಣ್ಣಿನಲ್ಲಿ ಹೂತುಹೋಯಿತು. ಭೂಮಿಯಲ್ಲಿದ್ದ ವಿಜ್ಞಾನಿಗಳು ತಿಂಗಳುಗಟ್ಟಲೆ ಯೋಚಿಸಿ, ಅಂಥದೇ ಮಣ್ಣನ್ನು ಹರಡಿ ಪ್ರಯೋಗಗಳನ್ನು ನಡೆಸಿ, ಕೋಟ್ಯಂತರ ಕಿಲೋಮೀಟರುಗಳ ಆಚೆಗೆ ಆಜ್ಞೆಗಳನ್ನು ಕಳುಹಿಸಿದರು. ಚಕ್ರಗಳು ತಿರುಗಿದವು, ವಾಹನ ಮೇಲೇಳಲಿಲ್ಲ. 2010ರ ಮಾರ್ಚಿನ ಅನಂತರ ಅದರಿಂದ ಯಾವ ಸಂದೇಶವೂ ಬರಲಿಲ್ಲ. ಮನುಷ್ಯನ ಬುದ್ಧಿಶಕ್ತಿ ಕಟ್ಟಿದ ಅತ್ಯುತ್ತಮ ವಾಹನಗಳಲ್ಲಿ ಅದೊಂದು. ಆದರೆ ಚಕ್ರದ ಅಡಿಗೆ ಹಲಗೆಯಿಡುವ ಕೈ, ಹಿಂದಿನಿಂದ ತಳ್ಳುವ ಹೆಗಲು ಅದರ ಬಳಿಯಲ್ಲಿ ಇರಲಿಲ್ಲ. ಹೊಳೆಯ ಮರಳಿನಲ್ಲಿ ಗಾಡಿ ಹೂತಾಗ ಓಡಿಬರುವ ನಾಲ್ಕು ಮಂದಿಯ ಬೆಲೆ ಏನೆಂಬುದನ್ನು ನಾವು ಇದರಿಂದಲೂ ಅರಿಯಬಹುದು.

ಅಭ್ಯಾಸ

1. ಮಹಾ ಮರಳುಗಡಲನ್ನು ದಾಟಲು ರೋಲ್ಫ್ಸ್‌ನಿಗೆ ಏಕೆ ಸಾಧ್ಯವಾಗಲಿಲ್ಲ?
2. ಇಂಜಿನ್ನಿನ ನೀರನ್ನು ಉಳಿಸಲು ಬ್ಯಾಗ್ನಾಲ್ಡರು ಮಾಡಿದ ಏರ್ಪಾಡನ್ನು ವಿವರಿಸಿರಿ.
3. ದಿಬ್ಬದ ಎರಡು ಮಗ್ಗುಲುಗಳ ಮರಳಿಗಿರುವ ವ್ಯತ್ಯಾಸವೇನು? ಅದಕ್ಕೆ ಕಾರಣವೇನು?
4. 'ಒಂದು ಕಾರು ಹೂತರೆ ಎಲ್ಲ ಕಾರುಗಳೂ ಹೂತಂತೆಯೇ.' ಈ ಮಾತಿನ ಸ್ವಾರಸ್ಯವನ್ನು ತಿಳಿಸಿರಿ.
5. 'ವಿದ್ಯೆಗೆ ತನ್ನದೇ ಆದ ಹೃದಯವಿಲ್ಲ.' ಪಾಠದ ಎರಡು ಘಟನೆಗಳ ಆಧಾರದಿಂದ ಈ ಮಾತನ್ನು ಸಮರ್ಥಿಸಿರಿ.
6. ನಿಮ್ಮ ಊರಿನಲ್ಲಿ ಹಲವರು ಕೈಗೂಡಿಸಿದ್ದರಿಂದ ಕಷ್ಟದಿಂದ ಪಾರಾದ ಪ್ರಸಂಗವೊಂದನ್ನು ಹಿರಿಯರಿಂದ ಕೇಳಿ ಬರೆಯಿರಿ.